ಸ್ವಯಂಕಲಿಕೆ ಮತ್ತು ಇಂಗ್ಲಿಷ್ ಸಂಶೋಧನ ಬರವಣಿಗೆ: ಒಂದು ಜಾನಪದೀಯ ನೋಟ

ಕನ್ನಡ ಮಾಧ್ಯಮದಲ್ಲಿ ಓದಿ ಸ್ನಾತಕೋತ್ತರ ತರಗತಿಗೆ ಬರುವ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಮಾತಿಗಿಂತಲೂ ಇಂಗ್ಲಿಷ್ ಬರವಣಿಗೆಯೇ ದೊಡ್ಡ ತೊಡಕು. ಜಾನಪದ ಅಧ್ಯಯನದಲ್ಲಿ ಈ ತೊಡಕಿಗೆ ಇನ್ನೊಂದು ಮುಖವಿದೆ. ಕ್ಷೇತ್ರಕಾರ್ಯದಲ್ಲಿ ಹತ್ತಾರು ಹಾಡುಗಳನ್ನು ಸಂಗ್ರಹಿಸಿದ, ವಕ್ತೃಗಳ ಬದುಕನ್ನು ಹತ್ತಿರದಿಂದ ಬಲ್ಲ ವಿದ್ಯಾರ್ಥಿಯೇ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಲು ಕುಳಿತಾಗ ಯಾರದೋ ವಾಕ್ಯಗಳನ್ನು ಇಳಿಸಿಕೊಳ್ಳುತ್ತಾನೆ. ತಾನು ಕಂಡದ್ದು, ಕೇಳಿದ್ದು ಅಲ್ಲಿ ಕಾಣೆಯಾಗುತ್ತದೆ. ಅದರೊಂದಿಗೆ ವಕ್ತೃವಿನ ದನಿಯೂ ಅಡಗುತ್ತದೆ. ಇದನ್ನು ಅಪ್ರಾಮಾಣಿಕತೆ ಎಂದಷ್ಟೇ ಕರೆದರೆ ಕಾರಣ ತಿಳಿಯುವುದಿಲ್ಲ.

ಭಾಷಾಕಲಿಕೆಯಲ್ಲಿ ಸ್ವಾಯತ್ತತೆ ಎಂಬ ಪರಿಕಲ್ಪನೆಯನ್ನು ಹೆನ್ರಿ ಹೊಲೆಕ್ 1981ರಲ್ಲಿ ವಿವರಿಸಿದರು. ಕಲಿಕೆಯ ಗುರಿ, ವಿಷಯ, ವಿಧಾನಗಳನ್ನು ನಿರ್ಧರಿಸಿ, ಕಲಿತದ್ದನ್ನು ತಾನೇ ಪರಿಶೀಲಿಸಿಕೊಳ್ಳುವ ಹೊಣೆಯನ್ನು ಕಲಿಯುವವನು ಹೊರುವುದೇ ಅದರ ತಿರುಳು. ಗುರುವಿಲ್ಲದ ಕಲಿಕೆ ಎಂಬುದು ಅದರ ಅರ್ಥವಲ್ಲ. ಜಾನಪದಕ್ಕೆ ಇದು ಹೊಸತೂ ಅಲ್ಲ. ಯುಗೊಸ್ಲಾವಿಯದ ಮೌಖಿಕ ಕಾವ್ಯಗಾಯಕರನ್ನು ಅಧ್ಯಯನ ಮಾಡಿದ ಆಲ್ಬರ್ಟ್ ಲಾರ್ಡ್ 1960ರ ತಮ್ಮ ಗ್ರಂಥದಲ್ಲಿ ಗಾಯಕನ ಕಲಿಕೆಯ ಮೂರು ಹಂತಗಳನ್ನು ಗುರುತಿಸಿದ್ದಾರೆ: ಕೇಳುವುದು, ಅನುಕರಿಸಿ ಹಾಡುವುದು, ಕೇಳುಗರ ಮುಂದೆ ಸ್ವತಂತ್ರವಾಗಿ ಹಾಡುವುದು. ಗಾಯಕನು ಹಿರಿಯರಿಂದ ಪಡೆಯುವುದು ಬಾಯಿಪಾಠದ ಹಾಡನ್ನಲ್ಲ, ಹಾಡು ಕಟ್ಟುವ ಸೂತ್ರಗಳನ್ನು.

ಸಂಶೋಧನ ಬರವಣಿಗೆಗೂ ಇಂತಹ ಸೂತ್ರಗಳುಂಟು. ರಷ್ಯದ ಅದ್ಭುತಕಥೆಗಳ ಪಾತ್ರಗಳಲ್ಲಿ 31 ಕ್ರಿಯೆಗಳನ್ನು ವ್ಲಾದಿಮಿರ್ ಪ್ರಾಪ್ 1928ರಲ್ಲಿ ಗುರುತಿಸಿದ್ದು ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತ. ಜಾನ್ ಸ್ವೇಲ್ಸ್ 1990ರಲ್ಲಿ ಇಂಗ್ಲಿಷ್ ಸಂಶೋಧನ ಲೇಖನದ ಪೀಠಿಕೆಯಲ್ಲಿ ಮೂರು ನಡೆಗಳನ್ನು ತೋರಿಸಿದರು: ಕ್ಷೇತ್ರದ ಪರಿಚಯ, ಅಲ್ಲಿ ಉಳಿದಿರುವ ಕೊರತೆ, ಆ ಕೊರತೆಯನ್ನು ತುಂಬುವ ಪ್ರಯತ್ನ. ಉದಾಹರಣೆಗೆ, ಬೀಸುವ ಪದಗಳ ಸಂಗ್ರಹಗಳು ಬಂದಿವೆ; ಬೀಸುವ ಕಲ್ಲು ಮೂಲೆ ಸೇರಿದ ಮೇಲೆ ಈ ಊರಿನ ಹೆಂಗಸರು ಅವನ್ನು ಎಲ್ಲಿ ಹಾಡುತ್ತಾರೆಂದು ಆ ಸಂಗ್ರಹಗಳಿಂದ ತಿಳಿಯದು; ಈ ಲೇಖನ ಅದನ್ನು ಪರಿಶೀಲಿಸುತ್ತದೆ. ಕಥೆಯ ರಾಚನಿಕ ವಿಶ್ಲೇಷಣೆ ಬಲ್ಲವನಿಗೆ ಲೇಖನದ ರಚನೆಯನ್ನು ಬಿಡಿಸಿ ನೋಡುವುದು ಕಷ್ಟವಲ್ಲ.

ಸೂತ್ರವನ್ನು ಪಡೆಯುವುದು ಬೇರೆ, ಮತ್ತೊಬ್ಬರ ವಿಚಾರವನ್ನು ಕದಿಯುವುದು ಬೇರೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ಹೊರಡಿಸಿದ ನಿಯಮಾವಳಿಯೂ ಈ ಭೇದವನ್ನು ಒಪ್ಪುತ್ತದೆ. ಸತತ 14 ಪದಗಳವರೆಗಿನ ಸಾಮಾನ್ಯ ತಿಳಿವಳಿಕೆಯ ಅಥವಾ ಕಾಕತಾಳೀಯ ಹೋಲಿಕೆಯನ್ನು ಅದು ಲೆಕ್ಕದಿಂದ ಹೊರಗಿಟ್ಟಿತು. ಆದರೆ ಸಾಮ್ಯವು ಶೇ. 10ನ್ನು ಮೀರಿದರೆ ಪ್ರಬಂಧವನ್ನು ತಿದ್ದಿ ಮರಳಿ ಸಲ್ಲಿಸಬೇಕೆಂದೂ, ಶೇ. 60ನ್ನು ಮೀರಿದರೆ ಸಂಶೋಧನೆಯ ನೋಂದಣಿಯೇ ರದ್ದಾಗಬೇಕೆಂದೂ ವಿಧಿಸಿತು.

ಆದ್ದರಿಂದ ವಿದ್ಯಾರ್ಥಿಯು ತನ್ನ ವಿಷಯದ ಮೂರು ಚಿಕ್ಕ ಇಂಗ್ಲಿಷ್ ಲೇಖನಗಳನ್ನು ಆಯ್ದು, ಅವುಗಳ ನಡೆಗಳನ್ನು ಗುರುತುಹಾಕಿ, ಮತ್ತೆಮತ್ತೆ ಬರುವ ನುಡಿಗಟ್ಟುಗಳನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ. ಬಳಿಕ ಪುಸ್ತಕಗಳನ್ನು ಮುಚ್ಚಿ, ತನ್ನ ಕ್ಷೇತ್ರಕಾರ್ಯದ ಸಾಮಗ್ರಿಯನ್ನು ಮುಂದಿಟ್ಟುಕೊಂಡು ಮೊದಲು ಕನ್ನಡದಲ್ಲಿ, ಅನಂತರ ಇಂಗ್ಲಿಷಿನಲ್ಲಿ ಬರೆಯಲಿ. ಅಧ್ಯಾಪಕರು ವ್ಯಾಕರಣವನ್ನು ತಿದ್ದುವ ಮೊದಲು "ಇದರಲ್ಲಿ ನೀನು ಕಂಡದ್ದೇನು?" ಎಂದು ಕೇಳಬೇಕು. ಯಂತ್ರವೇ ಪ್ರಬಂಧ ಬರೆದುಕೊಡುವ ಇಂದಿನ ದಿನಗಳಲ್ಲಿ ಈ ಪ್ರಶ್ನೆ ಇನ್ನಷ್ಟು ಮುಖ್ಯ. ಹಾಡಿಕೊಟ್ಟ ಅಜ್ಜಿಯ ಮಾತು ಇಂಗ್ಲಿಷ್ ಓದುಗರನ್ನು ತಲುಪಬೇಕಾದರೆ, ಅದನ್ನು ಎದುರು ಕುಳಿತು ಕೇಳಿದವನೇ ಬರೆಯಬೇಕಲ್ಲವೇ?