ಕಾರು ಮಾರಿದೆ, ಆದ್ರೆ ಅದು ಇನ್ನೂ ನನ್ನದೇ ಆಗಿತ್ತು!

ಕಾರು ಮಾರಿ ಎರಡು ತಿಂಗಳಾಗಿತ್ತು. ಬೆಳಗ್ಗೆ ಟೀಮ್ ಮೀಟಿಂಗ್‌ನಲ್ಲಿ ಇದ್ದಾಗ ಮೊಬೈಲ್‌ಗೆ ಮೆಸೇಜ್ ಬಂತು. ನಿಮ್ಮ ವಾಹನ ಸಿಗ್ನಲ್ ಜಂಪ್ ಮಾಡಿದೆ, ದಂಡ ಕಟ್ಟಿ ಅಂತ. ನಾನು ವರ್ಕ್ ಫ್ರಮ್ ಹೋಮ್, ಇನ್ನೂ ಪೈಜಾಮದಲ್ಲೇ ಇದ್ದೆ. ನಂಬರ್ ನೋಡಿದರೆ ನಾನು ಮಾರಿದ ಹಳೇ ವ್ಯಾಗನ್ ಆರ್!

ಆ ಕಾರು ಮಾರೋದೇ ಒಂದು ದೊಡ್ಡ ಕಥೆ. ಆನ್‌ಲೈನ್‌ನಲ್ಲಿ ಜಾಹೀರಾತು ಹಾಕಿದ ಅರ್ಧ ಗಂಟೆಯಲ್ಲಿ ಮೆಸೇಜುಗಳ ಸುರಿಮಳೆ. ಎಲ್ಲರದ್ದೂ ಒಂದೇ ಪ್ರಶ್ನೆ, "ಲಾಸ್ಟ್ ಪ್ರೈಸ್ ಎಷ್ಟು?" ಕಾರು ನೋಡಿಲ್ಲ, ಕಿಲೋಮೀಟರ್ ಕೇಳಿಲ್ಲ, ನೇರ ಲಾಸ್ಟ್ ಪ್ರೈಸ್! ಒಬ್ಬ ತಾನು ಮಿಲಿಟರಿಯಲ್ಲಿದ್ದೀನಿ, ಅಡ್ವಾನ್ಸ್ ಕಳಿಸ್ತೀನಿ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದ. ನೆನಪಿಡಿ, ಹಣ ಪಡೆಯೋಕೆ ಯುಪಿಐ ಪಿನ್ ಬೇಕಾಗೋದೇ ಇಲ್ಲ. ಪಿನ್ ಹಾಕಿದರೆ ಹೋಗೋದು ನಮ್ಮ ದುಡ್ಡೇ.

ಕೊನೆಗೆ ಬಂದವನು ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗ. ಅಪ್ಪ, ಅಮ್ಮನ್ನೂ ಕರ್ಕೊಂಡು ಬಂದಿದ್ದ. ಅವನ ಅಮ್ಮ ಚಕ್ರದ ಕೆಳಗೆ ಇಡೋಕೆ ನಿಂಬೆಹಣ್ಣು ಮನೆಯಿಂದಲೇ ತಂದಿದ್ದರು. ನನ್ನ ಮೊದಲ ಕಾರಿನ ದಿನ ನೆನಪಾಗಿ ಹತ್ತು ಸಾವಿರ ಕಡಿಮೆ ಮಾಡಿದೆ. ಫಾರ್ಮುಗಳಿಗೆ ಸಹಿ ಹಾಕಿ ಕೊಟ್ಟೆ. "ಮುಂದಿನ ವಾರ ಆರ್‌ಟಿಓಗೆ ಹೋಗ್ತೀನಿ ಅಣ್ಣ" ಅಂದ. ನಾನೂ ನಂಬಿ ಮರೆತುಬಿಟ್ಟೆ.

ದಂಡದ ಮೆಸೇಜ್ ಬಂದಾಗ ವಕೀಲರಾಗಿರುವ ನಮ್ಮ ಮಾವನಿಗೆ ಫೋನ್ ಮಾಡಿದೆ. ಅವರು ನಗಲಿಲ್ಲ. "ದಂಡ ಬಿಡು, ಆ ಹುಡುಗ ಯಾರಿಗಾದ್ರೂ ಗುದ್ದಿದ್ರೆ ಏನ್ ಮಾಡ್ತಿದ್ದೆ?" ಅಂದರು. ನವೀನ್ ಕುಮಾರ್ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಆರ್‌ಟಿಓ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಆ ಕಾರು ಹಲವರ ಕೈ ದಾಟಿ ಹೋಗಿದ್ದರೂ ಅಪಘಾತದ ಪರಿಹಾರದ ಹೊಣೆ ಹೆಸರು ಬದಲಾಗದ ಮೊದಲ ಮಾಲೀಕನ ಮೇಲೇ ಬಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಹುಡುಗನಿಗೆ ಫೋನ್ ಮಾಡಿ ಸ್ವಲ್ಪ ಜೋರಾಗೇ ಮಾತಾಡಿದೆ. ಪಾಪ, ಅವನ ಸಮಸ್ಯೆ ಬೇರೆ ಇತ್ತು. ಕಾರಿಗೇ ದುಡ್ಡೆಲ್ಲ ಖಾಲಿ, ಏಜೆಂಟ್ ಕೇಳಿದಷ್ಟು ಕೊಡೋಕೆ ಇರಲಿಲ್ಲ, ಹೇಳೋಕೆ ನಾಚಿಕೆ. ಅರ್ಧ ದಿನ ರಜೆ ಹಾಕಿ ನಾನೇ ಜೊತೆಗೆ ಹೋದೆ. ಏಜೆಂಟ್ ಇಲ್ಲದೇ ಅರ್ಜಿ ಸಲ್ಲಿಸಿದೆವು. ದಂಡ ಅವನೇ ಕಟ್ಟಿದ. ಆರ್‌ಸಿಯಲ್ಲಿ ಅವನ ಹೆಸರು ಬಂದ ದಿನ ನನಗೇ ಹೆಚ್ಚು ಖುಷಿ!

ಮಾರುವವರು ಇಷ್ಟು ಮಾಡಿ

* ಫಾರ್ಮ್ 29 ಮತ್ತು 30 ಕೊಟ್ಟು ಸುಮ್ಮನಾಗಬೇಡಿ. ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು ಅನ್ನುತ್ತೆ ಕಾನೂನು.
* ಸ್ವಲ್ಪ ಹಣ ಬಾಕಿ ಉಳಿಸಿಕೊಂಡು, ಹೆಸರು ಬದಲಾದ ಮೇಲೆ ಪಡೆಯುವ ಮಾತಿದ್ದರೂ ಪರವಾಗಿಲ್ಲ. ಕೊಳ್ಳುವವರು ಆಗ ತಾವೇ ಓಡಾಡ್ತಾರೆ.
* ಕೀ ಕೊಟ್ಟ ದಿನಾಂಕ, ಸಮಯ, ಕಿಲೋಮೀಟರ್ ಬರೆದು ಇಬ್ಬರೂ ಸಹಿ ಹಾಕಿ. ಅವರ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ.
* ಫಾಸ್ಟ್ಯಾಗ್ ಕ್ಲೋಸ್ ಮಾಡಿಸಿ. ಇಲ್ಲದಿದ್ದರೆ ಅವರು ಧರ್ಮಸ್ಥಳಕ್ಕೆ ಹೋದರೆ ಟೋಲ್ ನಿಮ್ಮ ಖಾತೆಯಿಂದ!
* ಇನ್ಶೂರೆನ್ಸ್‌ನ ನೋ ಕ್ಲೇಮ್ ಬೋನಸ್ ಕಾರಿನದ್ದಲ್ಲ, ನಿಮ್ಮದು. ಕಂಪನಿಯಿಂದ ಪತ್ರ ಪಡೆದರೆ ಹೊಸ ಕಾರಿನ ಪಾಲಿಸಿಯಲ್ಲಿ, ಓನ್ ಡ್ಯಾಮೇಜ್ ಪ್ರೀಮಿಯಂ ಮೇಲೆ ಶೇ 50ರವರೆಗೂ ರಿಯಾಯಿತಿ ಸಿಗಬಹುದು.

ಕೊಳ್ಳುವವರು ಇಷ್ಟು ನೋಡಿ

* ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ವಿವರ ತಾಳೆ ನೋಡಿ. ಆರ್‌ಸಿಯಲ್ಲಿ ಬ್ಯಾಂಕ್ ಹೆಸರಿದ್ದರೆ ಸಾಲ ತೀರಿದ ಎನ್‌ಓಸಿ ಮತ್ತು ಫಾರ್ಮ್ 35 ಇಲ್ಲದೇ ಮುಂದುವರಿಯಬೇಡಿ. ಚಾಸಿಸ್ ನಂಬರ್ ಕಾರಿನ ಮೇಲೆಯೇ ನೋಡಿ.
* ಬಾನೆಟ್ ಮುಟ್ಟಿ ನೋಡಿ. ನೀವು ಬರೋ ಮೊದಲೇ ಬಿಸಿಯಾಗಿದ್ದರೆ ಯಾಕೆ ಅಂತ ಕೇಳಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೇ ಇಂಜಿನ್ ನಿಜ ಹೇಳೋದು.
* 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಬೇಸ್‌ಮೆಂಟುಗಳಲ್ಲಿ ಕಾರುಗಳು ಮುಳುಗಿದ್ದು ನೆನಪಿದೆಯಲ್ಲ? ಸೀಟ್ ಬೆಲ್ಟ್ ಪೂರ್ತಿ ಎಳೆದು ಕೆಸರಿನ ಕಲೆ ಇದೆಯಾ ನೋಡಿ. ಮ್ಯಾಟ್ ಎತ್ತಿ ಮೂಸಿ.
* ಬೇರೆ ರಾಜ್ಯದ ನಂಬರ್ ಕಾರು ಅಗ್ಗ ಅನ್ನಿಸುತ್ತೆ. ಇಲ್ಲಿನ ಲೈಫ್ ಟ್ಯಾಕ್ಸ್ ಸೇರಿಸಿ ಲೆಕ್ಕ ಹಾಕಿ, ಆಮೇಲೆ ಹೇಳಿ.
* ಕೊಂಡ 14 ದಿನದೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಇಲ್ಲದಿದ್ದರೆ ನಿಮ್ಮ ಕಾರಿನ ರಿಪೇರಿ ಕ್ಲೇಮ್ ಬರದೇ ಹೋಗಬಹುದು.

ಕಳೆದ ವಾರ ಆ ಹುಡುಗ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕಳಿಸಿದ್ದ. ಆಯುಧಪೂಜೆಯದ್ದು, ಕಾರಿಗೆ ಚೆಂಡುಹೂವಿನ ಹಾರ, ಪಕ್ಕದಲ್ಲಿ ಅವನ ಅಮ್ಮ. ನೋಡಿ ಸಂತೋಷವಾಯ್ತು. ಆದರೂ ಒಂದು ಸಲ ಆ್ಯಪ್ ತೆರೆದು ನಂಬರ್ ಹಾಕಿ ನೋಡಿದೆ. ಮಾಲೀಕರ ಹೆಸರು ಅವನದ್ದೇ. ಈಗ ನೆಮ್ಮದಿ.