ಹೊಲಿಗೆ ಸತ್ತಿಲ್ಲ, ಬಿಟ್ಟಿ ಹೊಲಿಗೆ ನಿಂತಿದೆ

"ನಮ್ಮ ಅಜ್ಜಿಯರು ಮನೆಮಂದಿಯ ಬಟ್ಟೆಯನ್ನೆಲ್ಲ ತಾವೇ ಹೊಲಿಯುತ್ತಿದ್ದರು. ಈಗಿನ ಹುಡುಗಿಯರಿಗೆ ಒಂದು ಗುಂಡಿ ಹಾಕೋಕೂ ಬರಲ್ಲ. ಹೊಲಿಗೆ ಅನ್ನೋ ಕಲೆಯೇ ಸಾಯ್ತಾ ಇದೆ." ಮದುವೆಮನೆಯ ಪಂಕ್ತಿಯಿಂದ ವಾಟ್ಸಾಪ್ ಗುಂಪಿನವರೆಗೆ ಈ ಮಾತು ಕೇಳಿ ಕೇಳಿ ನನಗೆ ರೋಸಿಹೋಗಿದೆ. ಅಜ್ಜಿಯ ಬಗ್ಗೆ ಹೇಳಿದ್ದೂ ತಪ್ಪು, ಮೊಮ್ಮಗಳ ಬಗ್ಗೆ ಹೇಳಿದ್ದೂ ತಪ್ಪು.

ಅಜ್ಜಿಯ ಕಾಲದ ಮನೆಯಲ್ಲಿ ಹೊಲಿಯಬೇಕಾದ ಬಟ್ಟೆ ಇದ್ದದ್ದಾದರೂ ಎಷ್ಟು? ಸೀರೆ, ಪಂಚೆ, ಶಲ್ಯ, ರುಮಾಲು, ಎಲ್ಲವೂ ಮಗ್ಗದಿಂದ ಇಳಿದ ಹಾಗೇ ಮೈಮೇಲೆ ಬರುವಂಥವು. ಕುಬಸ, ಅಂಗಿ, ಲಂಗಗಳನ್ನು ಸಿಂಪಿಗರೋ ದರ್ಜಿ ಸಾಬರೋ ಹೊಲಿದುಕೊಡುತ್ತಿದ್ದರು. 12ನೇ ಶತಮಾನದ ಶರಣರಲ್ಲೇ ಸೂಜಿಕಾಯಕದ ರಾಮಿತಂದೆ ಇದ್ದಾರೆ. ಹೊಲಿಗೆ ನಮ್ಮಲ್ಲಿ ಅಷ್ಟು ಹಳೆಯ ಕಸುಬು, ಅದೂ ಹೆಚ್ಚಾಗಿ ಗಂಡಸರ ಕಸುಬು. ಮನೆಯ ಹೆಂಗಸರ ಕೈಯಲ್ಲಿ ಸೂಜಿ ಇರಲಿಲ್ಲವೆಂದಲ್ಲ. ಹರಿದದ್ದಕ್ಕೆ ತೇಪೆ, ಕೂಸಿಗೆ ಕುಲಾವಿ, ಹಳೆ ಸೀರೆಗಳಿಂದ ಕೌದಿ ಇದ್ದೇ ಇದ್ದವು. ಆದರೆ ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಆ ಕೌದಿಯನ್ನೂ ಗೊಂದಲಿಗರ ಹೆಂಗಸರು ಬಂದು ಕೂಲಿಗೆ ಹೊಲಿದುಕೊಡುತ್ತಿದ್ದರು.

ಬಟ್ಟೆ ಹೊಲಿಯುವ ಕೆಲಸ ಮನೆಯೊಳಗೆ ಬಂದದ್ದು ಯಂತ್ರದ ಜೊತೆ. ಐಸಾಕ್ ಸಿಂಗರ್ ತನ್ನ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರಲ್ಲಿ. ಯಂತ್ರಗಳನ್ನು ಅನುಮಾನದಿಂದ ನೋಡುತ್ತಿದ್ದ ಗಾಂಧೀಜಿಯವರೂ 1924ರಲ್ಲಿ ಸಿಂಗರ್ ಯಂತ್ರಕ್ಕೆ ವಿನಾಯಿತಿ ಕೊಟ್ಟರು. 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಉಷಾ ಯಂತ್ರ ತಯಾರಾಗತೊಡಗಿತು. ಆಮೇಲೆ ಕಾಲಲ್ಲಿ ತುಳಿಯುವ ಮಷಿನ್ ಮಧ್ಯಮವರ್ಗದ ಮದುವೆಗಳಲ್ಲಿ ಬಳುವಳಿಯ ಸಾಮಾನಾಯಿತು. ಅಮ್ಮ ಹೊಲಿದ ಫ್ರಾಕು, ಶಾಲೆಯ ಲಂಗ, ದಿಂಬಿನ ಕವರು ಎಂದು ಜನ ನೆನೆಯುವುದೆಲ್ಲ ಆಮೇಲಿನ ಒಂದೆರಡು ತಲೆಮಾರಿನ ಕಥೆ. ಅದನ್ನು ಅನಾದಿ ಕಾಲದ ಪರಂಪರೆ ಎಂದು ನಂಬಿದ್ದರಿಂದಲೇ, ಅದು ಕಡಿಮೆಯಾದಾಗ ಕಲೆಯೇ ಸತ್ತಂತೆ ಕಾಣುತ್ತದೆ.

ಇನ್ನು ಮೊಮ್ಮಗಳ ಮಾತು. ಈಗ ಸೀರೆಗಳ ಜೊತೆ ಬ್ಲೌಸ್ ಪೀಸ್ ಸೇರಿಯೇ ಬರುತ್ತದೆ. ಹಿಂದೆ ಒಂದು ಕಪ್ಪು, ಒಂದು ಬಿಳಿ ರವಿಕೆಯಲ್ಲಿ ಹತ್ತು ಸೀರೆ ಸಾಗುತ್ತಿತ್ತು. ಈಗ ಸೀರೆಗೊಂದು ಬ್ಲೌಸು, ಅದಕ್ಕೆ ಲೈನಿಂಗು, ಸೀರೆಗೆ ಫಾಲ್ಸು, ಜಿಗ್‌ಜಾಗು, ಸೆರಗಿಗೆ ಕುಚ್ಚು. ಅಂಗಡಿಯ ರೆಡಿಮೇಡ್ ಬ್ಲೌಸ್ ಎಲ್ಲರ ಮೈಗೂ ಕೂರುವುದಿಲ್ಲ. ಈ ಕೆಲಸವನ್ನೆಲ್ಲ ಯಾರು ಮಾಡುತ್ತಿದ್ದಾರೆ ಎಂದುಕೊಂಡಿದ್ದೀರಿ?

ಒಂದು ಬ್ಲೌಸ್ ಕತ್ತರಿಸುವುದನ್ನು ಹತ್ತಿರ ಕುಳಿತು ನೋಡಿ. ಲೈನಿಂಗ್ ಬಟ್ಟೆಯನ್ನು ಮೊದಲು ನೀರಿಗೆ ಹಾಕಿ ಒಣಗಿಸಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಒಳಗಿನದು ಕುಗ್ಗಿ ಹೊರಗಿನದು ಮುದುಡುತ್ತದೆ. ಅಳತೆ ಬ್ಲೌಸನ್ನು ಮಡಚಿಟ್ಟು ಚಾಕ್‌ಪೀಸಿನಲ್ಲಿ ಗೆರೆ ಎಳೆಯುವಾಗ ಎದೆಸುತ್ತು, ಭುಜ, ಕತ್ತಿನ ಆಳ ಹೊಂದಿಸುವುದು ಅಷ್ಟು ಕಷ್ಟವಲ್ಲ. ಕೈ ಪಳಗಬೇಕಾದದ್ದು ಬಗಲಿನ ಸುತ್ತಿಗೆ. ಅಲ್ಲಿ ಅರ್ಧ ಇಂಚು ತಪ್ಪಿದರೆ ಕೈ ಎತ್ತಿದಾಗ ಇಡೀ ಬ್ಲೌಸು ಮೇಲೇರುತ್ತದೆ. "ಬಗಲು ಹಿಡಿಯುತ್ತೆ ಅಕ್ಕಾ" ಎಂದು ಬಟ್ಟೆ ವಾಪಸ್ ಬರುವುದು ಈ ಕಾರಣಕ್ಕೇ. ಕ್ರಾಸ್ ಕಟ್ ಆದರೆ ಮುಂಭಾಗದ ಬಟ್ಟೆಯನ್ನು ಓರೆಯಾಗಿ ಇಟ್ಟು ಕತ್ತರಿಸಬೇಕು, ಆಗಲೇ ಅದು ಮೈಗೆ ಹೊಂದಿ ಕೂರುವುದು. ಪಕ್ಕದಲ್ಲಿ ಒಳಗೆ ಒಂದಿಷ್ಟು ಬಟ್ಟೆ ಬಿಡಬೇಕು, ನಾಳೆ ಮೈ ಬಂದರೆ ಬಿಚ್ಚಿ ಸಡಿಲ ಮಾಡಲು. ಇಷ್ಟೆಲ್ಲ ಬಲ್ಲ ಹೆಣ್ಣುಮಕ್ಕಳು ಬೀದಿಬೀದಿಯಲ್ಲಿದ್ದಾರೆ. ಯೂಟ್ಯೂಬಿನ ಕನ್ನಡ ವಿಡಿಯೊ ನೋಡಿ ಕಟೋರಿ, ಪ್ರಿನ್ಸೆಸ್ ಕಟ್ ಕಲಿತು, ಕಿಟಕಿಗೆ ಒಂದು ರಟ್ಟಿನ ಬೋರ್ಡು ಕಟ್ಟಿ ಮನೆ ನಡೆಸುತ್ತಿದ್ದಾರೆ. ಕೇಂದ್ರ ಸರ್ಕಾರ 2023ರಲ್ಲಿ ಪಿಎಂ ವಿಶ್ವಕರ್ಮ ಯೋಜನೆ ತಂದಾಗ ಅದರ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಸೇರಿತು.

ಕಡಿಮೆಯಾದದ್ದು ಬೇರೆ: ಮನೆಯವರಿಗಾಗಿ ಬಿಟ್ಟಿಯಾಗಿ ಹೊಲಿಯುವುದು. ಮನೆಯಲ್ಲೇ ಹೊಲಿದರೆ ಅಗ್ಗ ಎಂಬ ನಂಬಿಕೆಗೂ ಈಗ ಅರ್ಥವಿಲ್ಲ, ಮಗುವಿನ ಫ್ರಾಕಿಗೆ ಬೇಕಾದ ಬಟ್ಟೆ, ಲೈನಿಂಗ್, ಜಿಪ್ಪಿನ ಬೆಲೆಗೇ ಎಷ್ಟೋ ಸಲ ಸಂತೆಯಲ್ಲಿ ಸಿದ್ಧ ಫ್ರಾಕು ಸಿಗುತ್ತದೆ. ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುವವರಿಗೆಲ್ಲ ಟೈಲರಿಂಗ್ ಬರುತ್ತದೆ ಎನ್ನುವುದೂ ತಪ್ಪು. ಅಲ್ಲಿ ಒಬ್ಬಳು ದಿನವಿಡೀ ಕಾಲರ್ ಮಾತ್ರ, ಇನ್ನೊಬ್ಬಳು ಕಫ್ ಮಾತ್ರ ಹೊಲಿಯುತ್ತಾಳೆ, ಪೂರ್ತಿ ಅಂಗಿ ಕತ್ತರಿಸಲು ಅವರಿಗೆ ಯಾರೂ ಕಲಿಸುವುದಿಲ್ಲ. ನಿಜವಾಗಿ ಚಿಂತೆ ಮಾಡಬೇಕಾದದ್ದು ಕಸೂತಿಯಂಥ ಕೈಕೆಲಸಕ್ಕೆ. ಬಟ್ಟೆಯ ಎಳೆ ಎಣಿಸಿ, ಗಂಟು ಕಾಣದಂತೆ ಗವಂತಿ, ಮುರಗಿ ಹೊಲಿಗೆ ಹಾಕುವ ತಾಳ್ಮೆಗೆ ಧಾರವಾಡದ ಕಡೆಯಲ್ಲೂ ತಕ್ಕ ಕೂಲಿ ಸಿಗುತ್ತಿಲ್ಲ.

ನನಗೆ ಬೇಸರ ತರಿಸುವುದು ಈ ಒಂದು ತಪ್ಪು ಮಾತಷ್ಟೇ ಅಲ್ಲ, ಅದನ್ನು ನಂಬುವ ರೀತಿ. ಯಾವುದು ಸಾಯುತ್ತಿದೆ ಎಂದು ಯಾರು ಬರೆದು ಕಳಿಸಿದರೂ ಮರುಕಪಟ್ಟು ಮುಂದಕ್ಕೆ ಕಳಿಸುತ್ತೇವೆ, ಪಕ್ಕದ ಮನೆಯ ಕಿಟಕಿಯಿಂದ ಬರುವ ಮಷಿನ್ ಸದ್ದನ್ನು ಕೇಳಿಸಿಕೊಳ್ಳುವುದಿಲ್ಲ. ಕೆಲಸ ಮನೆಯೊಳಗೆ ನಡೆದರೆ, ಮಾಡುವವಳು ಹೆಂಗಸಾದರೆ, ಅದು ನಮ್ಮ ಲೆಕ್ಕಕ್ಕೇ ಬರುವುದಿಲ್ಲ. ಸಾವಿರಾರು ರೂಪಾಯಿಯ ಸೀರೆಯನ್ನು ಮಾತಿಲ್ಲದೆ ಕೊಂಡವರು ಬ್ಲೌಸಿನ ಹೊಲಿಗೆಗೆ ಐವತ್ತು ರೂಪಾಯಿ ಬಿಡಿ ಎಂದು ಚೌಕಾಸಿಗೆ ನಿಲ್ಲುತ್ತಾರೆ. ಹೊಲಿಗೆ ಉಳಿಯಬೇಕೆಂಬ ಕಾಳಜಿ ಇದ್ದವರು ದಯವಿಟ್ಟು ಈ ಚೌಕಾಸಿ ಬಿಡಿ. ಹೊಲಿಯುವವರು ಕೇಳಿದಷ್ಟು ಕೊಡಿ, ಹಬ್ಬದ ಹಿಂದಿನ ದಿನ ಬಟ್ಟೆ ತಂದು ಅವಸರ ಮಾಡಬೇಡಿ.