ಎಂಬತ್ತು ಸಾವಿರ ಜನ ಮೈದಾನ ತಲುಪುವುದು ಹೇಗೆ?



ಫುಟ್ಬಾಲ್ ವಿಶ್ವಕಪ್ ಬಂತೆಂದರೆ ನಮ್ಮ ಕಾಸರಗೋಡಿನ ಕಡೆ ಊರೂರಲ್ಲಿ ಫ್ಲೆಕ್ಸ್ ಏಳುತ್ತವೆ. ಬ್ರೆಜಿಲಾ, ಅರ್ಜೆಂಟೀನಾವಾ ಅಂತ ಎಂಟನೇ ಕ್ಲಾಸಿನ ಮಕ್ಕಳೂ ಜಗಳ ಆಡ್ತಾರೆ. ಆ ಉತ್ಸಾಹವನ್ನು ಪಾಠಕ್ಕೆ ತಿರುಗಿಸಲು ಒಂದು ಪ್ರಶ್ನೆ ಉಂಟು: ಟಿ.ವಿ.ಯಲ್ಲಿ ಕಾಣುವ ಅಷ್ಟು ಜನ ಮೈದಾನಕ್ಕೆ ಬಂದದ್ದು ಹೇಗೆ, ಹೋಗುವುದು ಹೇಗೆ?

ದೊಡ್ಡ ಕ್ರೀಡಾಂಗಣಗಳು ಅನೇಕ ಕಡೆ ನಗರದ ಹೊರವಲಯದಲ್ಲಿವೆ, ಜಾಗ ಸಿಗುವುದು ಅಲ್ಲೇ. 'ಸ್ತಾದ್ ದ ಫ್ರಾನ್ಸ್' ಕ್ರೀಡಾಂಗಣವನ್ನೇ ನೋಡಿ. ಅದು ಪ್ಯಾರಿಸಿನೊಳಗಿಲ್ಲ, ಉತ್ತರಕ್ಕೆ ತಾಗಿರುವ ಸಾಂ ದನಿ ಪಟ್ಟಣದಲ್ಲಿದೆ. ಹಿಂದೆ ಗ್ಯಾಸ್ ಕಾರ್ಖಾನೆ ಇದ್ದ ಜಾಗದಲ್ಲಿ 1998ರ ವಿಶ್ವಕಪ್‌ಗೆಂದು ಕಟ್ಟಿದ್ದು. ಸುಮಾರು 80,000 ಜನ ಹಿಡಿಸುತ್ತದೆ. 2016ರ ಯುರೋ ಕಪ್ ಫೈನಲ್ ಕೂಡ ನಡೆದದ್ದು ಇಲ್ಲೇ. ಆರ್‌ಇಆರ್ ಬಿ, ಆರ್‌ಇಆರ್ ಡಿ ಎಂಬ ಉಪನಗರ ರೈಲುಗಳು, 13ನೇ ಮೆಟ್ರೊ ಮಾರ್ಗ: ಹೆಚ್ಚಿನವರು ಇವುಗಳಲ್ಲಿ ಬಂದು, ಇಳಿದು, ನಡೆದು ಹೋಗ್ತಾರೆ.

ನಿಮಿಷಕ್ಕೆ ಎಷ್ಟು ಜನ?

ಒಟ್ಟು ಎಷ್ಟು ಜನ ಎನ್ನುವುದಕ್ಕಿಂತ ನಿಮಿಷಕ್ಕೆ ಎಷ್ಟು ಜನ ದಾಟಬಹುದು ಎನ್ನುವುದೇ ಇಲ್ಲಿ ಮುಖ್ಯ. ಬ್ರಿಟನ್ನಿನಲ್ಲಿ ಕ್ರೀಡಾಂಗಣ ಸುರಕ್ಷತೆಗೆ ಬಳಸುವ 'ಗ್ರೀನ್ ಗೈಡ್' ಕೈಪಿಡಿಯ ಲೆಕ್ಕ ಹೀಗಿದೆ: ಸಮತಟ್ಟು ದಾರಿಯ ಪ್ರತಿ ಮೀಟರ್ ಅಗಲಕ್ಕೆ ನಿಮಿಷಕ್ಕೆ ಹೆಚ್ಚೆಂದರೆ 82 ಜನ, ಮೆಟ್ಟಿಲಾದರೆ 66.

ಈಗ ಗುಣಿಸಿ. 10 ಮೀಟರ್ ಅಗಲದ ದಾರಿಯಲ್ಲಿ ನಿಮಿಷಕ್ಕೆ 820 ಜನ, 80,000 ಜನಕ್ಕೆ ಸುಮಾರು 98 ನಿಮಿಷ. ಅದೇ ದಾರಿ ಒಂದು ಕಡೆ 3 ಮೀಟರಿಗೆ ಕಿರಿದಾದರೆ? ನಿಮಿಷಕ್ಕೆ 246 ಜನ, ಸುಮಾರು ಐದೂವರೆ ಗಂಟೆ! ಉಳಿದ ದಾರಿ ಎಷ್ಟೇ ಅಗಲವಿದ್ದರೂ ಪ್ರಯೋಜನವಿಲ್ಲ. ಹತ್ತನೇ ತರಗತಿಯ ಸರಣಿ ಜೋಡಣೆ ನೆನಪಾಯಿತಲ್ವಾ? ಒಂದೇ ದೊಡ್ಡ ರೋಧವಿದ್ದರೂ ಸಾಕು, ಇಡೀ ಮಂಡಲದ ವಿದ್ಯುತ್ಪ್ರವಾಹ ತಗ್ಗುತ್ತದೆ. ಹಲವು ರೈಲು ಮಾರ್ಗಗಳಿರುವುದು ಸಮಾಂತರ ಜೋಡಣೆಯ ಹಾಗೆ.

2022ರ ಮೇ 28

ಆ ದಿನ ಅಲ್ಲಿ ಲಿವರ್‌ಪೂಲ್ ಮತ್ತು ರಿಯಲ್ ಮ್ಯಾಡ್ರಿಡ್ ಕ್ಲಬ್ಬುಗಳ ನಡುವೆ ಚಾಂಪಿಯನ್ಸ್ ಲೀಗ್ ಫೈನಲ್. ಆರ್‌ಇಆರ್ ಬಿ ನೌಕರರ ಮುಷ್ಕರವಿತ್ತು, ಜನ ಆರ್‌ಇಆರ್ ಡಿ ಕಡೆ ಹೋದರು. ಅಂದರೆ ಸಮಾಂತರವಾಗಿದ್ದ ಒಂದು ದಾರಿ ಕಡಿಮೆಯಾಯಿತು. ಆ ನಿಲ್ದಾಣದಿಂದ ಬರುವ ದಾರಿ ಹೆದ್ದಾರಿಯ ಕೆಳಗೆ ಕಿರಿದಾಗುತ್ತದೆ. ಅಲ್ಲೇ ಟಿಕೆಟ್ ತಪಾಸಣೆಯನ್ನೂ ಇಟ್ಟಿದ್ದರು. ಸಾವಿರಾರು ಜನ ಸಿಕ್ಕಿಕೊಂಡರು, ಪೊಲೀಸರು ಅಶ್ರುವಾಯು ಬಿಟ್ಟರು, ಆಟ ಅರ್ಧ ಗಂಟೆಗೂ ಹೆಚ್ಚು ತಡವಾಯಿತು. ತಪ್ಪು ಅಭಿಮಾನಿಗಳದ್ದೆಂದು ಮೊದಲು ದೂರಿದರು. ಮುಂದಿನ ವರ್ಷ ಬಂದ ಸ್ವತಂತ್ರ ಸಮಿತಿಯ ವರದಿ ಮಾತ್ರ ಮುಖ್ಯ ಹೊಣೆ ಸಂಘಟಕರಾದ ಯುಇಎಫ್‌ಎಯದ್ದೇ ಎಂದಿತು. ಜೀವ ಹೋಗದೆ ಇದ್ದದ್ದು ಬರೀ ಅದೃಷ್ಟ.

'ಕಾಲ್ತುಳಿತ' ಎಂಬ ತಪ್ಪು ಪದ

ಒಂದು ಚದರ ಮೀಟರಿನಲ್ಲಿ ನಾಲ್ಕು ಜನ ಇದ್ದರೆ ನಿಧಾನಕ್ಕಾದರೂ ನಡೆಯಬಹುದು. ಆರೇಳು ಜನ ಆದರೆ ನಮ್ಮ ಇಷ್ಟದಂತೆ ಕಾಲಿಡಲು ಆಗುವುದಿಲ್ಲ. ಗುಂಪು ದ್ರವದಂತೆ ವರ್ತಿಸುತ್ತದೆ, ಹಿಂದಿನವರ ತಳ್ಳು ಅಲೆಯಾಗಿ ಮುಂದಿನವರಿಗೆ ತಲುಪುತ್ತದೆ. ಎದೆಗೂಡು ಹಿಗ್ಗದಿದ್ದರೆ, ವಪೆ ಕೆಳಗಿಳಿಯದಿದ್ದರೆ ಶ್ವಾಸಕೋಶಕ್ಕೆ ಗಾಳಿ ಹೋಗದು. ಇಂತಹ ದುರಂತಗಳಲ್ಲಿ ಹೆಚ್ಚಿನವರು ಸಾಯುವುದು ತುಳಿತದಿಂದಲ್ಲ, ಉಸಿರುಗಟ್ಟಿ. ಎಷ್ಟೋ ಸಲ ನಿಂತಲ್ಲೇ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ತೀರಿಕೊಂಡಾಗಲೂ ನಮ್ಮ ಪತ್ರಿಕೆಗಳು 'ಕಾಲ್ತುಳಿತ' ಎಂದೇ ಬರೆದವು. ಆ ಪದ ಕೇಳಿದರೆ ಜನರೇ ಓಡಿ ತುಳಿದರು ಅನಿಸುತ್ತದೆ, ದಾರಿ ಕಿರಿದಾಗಿತ್ತೇ ಎಂದು ಯಾರೂ ಕೇಳುವುದಿಲ್ಲ.

ಹಿಂತಿರುಗುವಾಗ

ಬರುವಾಗ ಜನ ಮೂರು ನಾಲ್ಕು ಗಂಟೆಯಲ್ಲಿ ಹಂಚಿ ಬರ್ತಾರೆ. ಹೋಗುವಾಗ ಎಲ್ಲರೂ ಒಟ್ಟಿಗೆ. ಲಂಡನ್ನಿನ ಹೊರವಲಯದ ವೆಂಬ್ಲಿಯಲ್ಲಿ 90,000 ಆಸನಗಳಿವೆ. ವೆಂಬ್ಲಿ ಪಾರ್ಕ್ ನಿಲ್ದಾಣದ ಸಾಮರ್ಥ್ಯ ಗಂಟೆಗೆ ಸುಮಾರು 37,500 ಜನ. ಹಾಗಾಗಿ ಜನರನ್ನು ನಿಲ್ದಾಣದ ಹೊರಗೆ, ಅಗಲವಾದ ದಾರಿಯಲ್ಲೇ ತಡೆದು, ತಂಡ ತಂಡವಾಗಿ ಒಳಗೆ ಬಿಡುತ್ತಾರೆ. ಕಾಯುವುದು ತಪ್ಪದು, ಆದರೆ ಕಾಯುವ ಜಾಗ ಅಗಲವಾಗಿರಬೇಕು, ಪ್ಲಾಟ್‌ಫಾರ್ಮ್ ಆಗಬಾರದು.

ತರಗತಿಯಲ್ಲಿ ಮಾಡಿ

ಶಾಲೆಯ ಗೇಟಿನ ಅಗಲ ಅಳೆಸಿ. ಸಂಜೆ ಬೆಲ್ ಆದಾಗ ನಾಲ್ಕು ಮಕ್ಕಳು ಬದಿಯಲ್ಲಿ ನಿಂತು ನಿಮಿಷಕ್ಕೆ ಎಷ್ಟು ಜನ ದಾಟುತ್ತಾರೆಂದು ಎಣಿಸಲಿ (ಓಡಿಸಬೇಡಿ). ಮೀಟರಿಗೆ ಎಷ್ಟಾಯಿತು? ಮರುದಿನ ಗೇಟಿನ ಒಂದೇ ಬಾಗಿಲು ತೆರೆದು, ತರಗತಿಗಳನ್ನು ಒಂದೊಂದಾಗಿ ಬಿಟ್ಟು ಎಣಿಸಿ ಹೋಲಿಸಿ. ಇಷ್ಟನ್ನೂ ಹೇಳಿಕೊಡಿ: ಗುಂಪಿನಲ್ಲಿ ಒತ್ತಡ ಬಂದರೆ ಎರಡೂ ಕೈ ಮಡಚಿ ಎದೆಯ ಮುಂದೆ ಹಿಡಿಯಬೇಕು, ಬಿದ್ದದ್ದನ್ನು ಹೆಕ್ಕಲು ಬಗ್ಗಬಾರದು, ಹಿಂದಿನಿಂದ ತಳ್ಳಬಾರದು. ಜಾತ್ರೆಗೂ ಉರೂಸಿಗೂ ಹೋಗುವ ನಮ್ಮ ಮಕ್ಕಳಿಗೆ ಇದು ಬೇಕೇ ಬೇಕು.